ಕೇಳಲು ಕಲಿತ ಬೇಸಿಗೆ

ಏಪ್ರಿಲ್ ೩

ಇವತ್ತು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹೆದರಿದೆ.

ಅವ್ವ ಸಂತೆಯಿಂದ ಬಂದು ಕೊತ್ತಂಬರಿಯ ಚೀಲವನ್ನು ಅಡುಗೆಕಟ್ಟೆಯ ಮೇಲೆ ಇಟ್ಟಳು, ಅಷ್ಟೇ. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಯಾರೋ ಓಡಿಬಂದಂತೆ ಸಪ್ಪಳವಾಯಿತು. ಗಾಬರಿಯಾಗಿ ತಿರುಗಿದೆ. ಯಾರೂ ಇಲ್ಲ. ಅವ್ವ ಮತ್ತು ಚೀಲ. ಚೀಲವನ್ನು ಮುಟ್ಟಿ ನೋಡಿದೆ, ಮತ್ತೆ ಅದೇ ಸಪ್ಪಳ. ಇಷ್ಟು ದಿನ ಇದು ಹೀಗೇ ಗದ್ದಲ ಮಾಡುತ್ತಿತ್ತೇ? ಜನ ಇದನ್ನು ಹೇಗೆ ಸಹಿಸುತ್ತಾರೆ?

ಕಿವಿಗೆ ಯಂತ್ರ ಹಾಕಿದ್ದು ನಿನ್ನೆ, ಕೊಲ್ಲಾಪುರದಲ್ಲಿ. ಎರಡೂ ಕಿವಿಗೆ. ಶೇಂಗಾಬೀಜದಷ್ಟು ದೊಡ್ಡದು, ಕಿವಿಯ ಹಿಂದೆ ಕೂಡುತ್ತದೆ. ಕಿವಿ ಪರೀಕ್ಷೆ ಮಾಡಿದ ದೀಪಾಲಿ ಮೇಡಂ ಹೇಳಿದರು, ನನ್ನ ಮೆದುಳು ಈ ಸಪ್ಪಳಗಳನ್ನು ಮರೆತಿದೆಯಂತೆ, ಯಾವುದು ಬೇಕು ಯಾವುದು ಬೇಡ ಎಂದು ಅದು ಮತ್ತೆ ಕಲಿಯಬೇಕಂತೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಹಾಕಿಕೊಳ್ಳಬೇಕು. ಕೇಳಿದ್ದನ್ನು ಮೊಬೈಲಿನಲ್ಲಿ ಬರೆದು ಅವರಿಗೆ ಕಳಿಸಬೇಕು. ಅದನ್ನು ಮರಾಠಿಯಲ್ಲಿ ಬರೆಯುತ್ತೇನೆ. ಇದು ಬೇರೆ. ಇದನ್ನು ಯಾರಿಗೂ ಕಳಿಸಬೇಕಾಗಿಲ್ಲ. ಏಳನೇ ಇಯತ್ತೆಯವರೆಗೆ ಗಡಹಿಂಗ್ಲಜದ ಕಡೆ ಆಯಿಯ, ಅಂದರೆ ಅವ್ವನ ಅವ್ವನ, ಊರಿನ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ನನ್ನಷ್ಟಕ್ಕೆ ನಾನು ಮಾತಾಡಿಕೊಳ್ಳುವುದು ಇನ್ನೂ ಕನ್ನಡದಲ್ಲೇ.

ಏಪ್ರಿಲ್ ೫

ಹೇಗೆ ಗೊತ್ತಾಯಿತು ಎಂಬುದನ್ನು ಬರೆದಿಡುತ್ತೇನೆ. ಮುಂದೊಂದು ದಿನ ನಗು ಬರಬಹುದು, ಈಗ ಬರುತ್ತಿಲ್ಲ.

ಹನ್ನೆರಡನೆಯ ಇಯತ್ತೆಯ ಭೌತಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದು ನೀರಿನ ಕೊಳವೆಯ ಪ್ರಯೋಗ. ಶ್ರುತಿಕವೆಯನ್ನು ಬಡಿದು ಕೊಳವೆಯ ಬಾಯಿಗೆ ಹಿಡಿಯಬೇಕು, ನೀರನ್ನು ಇಳಿಸುತ್ತ ಹೋಗಬೇಕು, ಒಂದು ಕಡೆ ಸಪ್ಪಳ ಒಮ್ಮೆಲೇ ದೊಡ್ಡದಾಗುತ್ತದೆ, ಅಲ್ಲಿ ಗುರುತು ಹಾಕಬೇಕು. ವರ್ಷವಿಡೀ ನನ್ನ ಜೋಡಿಯಾಗಿದ್ದ ಸಾಯಲಿ "ಆತ್ತಾ, ಆತ್ತಾ!" ಎಂದು, ಈಗ ಈಗ ಎಂದು, ಮರಾಠಿಯಲ್ಲಿ ಕೂಗುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ. ಪರೀಕ್ಷೆಯಲ್ಲಿ ಸಾಯಲಿ ಇಲ್ಲ. ನೀರು ಇಳಿಸಿದೆ, ಇಳಿಸಿದೆ, ನೀರು ಮುಗಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿಂದೆ ನಿಂತು ಏನೋ ಕೇಳಿದರು. ಗೋಣು ಹಾಕಿದೆ. ಮತ್ತೆ ಕೇಳಿದರು. ಮತ್ತೆ ಗೋಣು ಹಾಕಿದೆ. ಅವರು ಮುಂದೆ ಬಂದು ನನ್ನ ಮುಖವನ್ನೇ ನೋಡುತ್ತ, ಬಯ್ಯದೆ, "ಮಗೂ, ನಿನಗೆ ಕೇಳಿಸುತ್ತದೆಯೇ?" ಎಂದರು. ಆಗ ಕೇಳಿಸಿತು. ತುಟಿ ಕಾಣುತ್ತಿತ್ತಲ್ಲ.

ಐದಾರು ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂದಿರಬೇಕು ಎಂದರು ಡಾಕ್ಟರು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ನಮ್ಮ ಮನೆ ನೋಡಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಮನೆಗೊಂದು ಕರೆಂಟ್ ಮಗ್ಗದ ಶೆಡ್ಡು. ನಮ್ಮ ಹಿತ್ತಲಲ್ಲೂ ಅಪ್ಪನ ಮಗ್ಗಗಳು ಬೆಳಗಿನಿಂದ ಖಟಖಟ ಎನ್ನುತ್ತವೆ. ಮನೆಯೊಳಗೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಶೆಡ್ಡಿನೊಳಗೆ ಕೂಗಿದರೂ ಪ್ರಯೋಜನವಿಲ್ಲ, ಅಲ್ಲಿ ತುಟಿ ಮತ್ತು ಕೈ. ಅಂಥ ಮನೆಯಲ್ಲಿ ಕಿವಿ ಹೋದದ್ದು ಯಾರ ಲಕ್ಷ್ಯಕ್ಕೆ ಬರಬೇಕು? ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಏಪ್ರಿಲ್ ೯

ಅಪ್ಪ ಊಟಕ್ಕೆ ಕೂತಾಗ ಅವ್ವನೇ ಮಾತು ತೆಗೆದಳು. ಕೊಲ್ಲಾಪುರದ ಕಾಲೇಜಿನ ಬಿ.ಎಸ್ಸಿ., ಹಾಸ್ಟೆಲ್. ಪರೀಕ್ಷೆಗೆ ಮೊದಲೇ ಆಗಿದ್ದ ಮಾತು ಅದು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅದು ಆಗಿನ ಮಾತು. ಈಗ ಹ್ಯಾಂಗ ಕಳಸೂದು? ಹಿಂದಿಂದ ಗಾಡಿ ಬಂದ್ರ ಗೊತ್ತಾಗಬೇಕಲ್ಲ? ಇಲ್ಲೇ ಊರಾಗ ಕಾಲೇಜ ಐತಿ, ಮನಿ ಐತಿ."

"ಅಪ್ಪಾ, ಈಗ ಕೇಳಿಸಾಕತ್ತೇತಿ," ಎಂದೆ.

"ಏನ ಕೇಳಿಸಾಕತ್ತೇತಿ?"

"ನೀ ರೊಟ್ಟಿ ಮುರಿಯೂದು."

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದ. ಅವ್ವ ನಕ್ಕಳು. ಕಡೆಗೆ ಅಪ್ಪ, "ಜೂನ ಬರ್ಲಿ, ನೋಡೂಣು. ಒಬ್ಬಾಕಿನ ಹೋಗಿ ಬರೂದು ಮಾಡೂದು ಬರಬೇಕ. ಆಮ್ಯಾಲ ಹೇಳ್ತೇನಿ," ಎಂದು ಎದ್ದ.

ಜೂನ್‌ವರೆಗೆ ಸಮಯವಿದೆ. ರೊಟ್ಟಿಗೆ ಸಪ್ಪಳವಿದೆ ಎಂದು ನನಗೂ ಇವತ್ತೇ ಗೊತ್ತಾದದ್ದು.

ಏಪ್ರಿಲ್ ೧೪

ಈ ವಾರ ಹೊಸದಾಗಿ ಸಿಕ್ಕವು: ಸಾಸಿವೆ ಸಿಡಿಯುವುದು. ನನ್ನದೇ ಚಪ್ಪಲಿ. ಸೊಳ್ಳೆ, ಇದು ಸಿಗದಿದ್ದರೂ ನಡೆಯುತ್ತಿತ್ತು. ‘ಸ’ ಎನ್ನುವ ಅಕ್ಷರ. ಇಷ್ಟು ದಿನ ಅದನ್ನು ಜನರ ಹಲ್ಲಿನಲ್ಲಿ ನೋಡುತ್ತಿದ್ದೆ, ಈಗ ಕಿವಿಯಲ್ಲಿ ಚುಚ್ಚುತ್ತದೆ.

ಮತ್ತೆ, ಅವ್ವ ಹಾಡುತ್ತಾಳೆ!

ಬೆಳಗ್ಗೆ ನೀರು ಕುಡಿಯಲು ಹೋದೆ. ಅವ್ವ ಬೆನ್ನು ಮಾಡಿ ಕೂತು ಹಿಟ್ಟು ನಾದುತ್ತಿದ್ದಳು. ಮೊದಲು ಯಂತ್ರದ್ದೇ ಏನೋ ಸಪ್ಪಳ ಎಂದುಕೊಂಡೆ. ಅಲ್ಲ. ಅವ್ವನೇ, ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ. ನಾದುವ ಲಯಕ್ಕೆ ಸರಿಯಾಗಿ ರಾಗ ಏರುತ್ತದೆ, ಇಳಿಯುತ್ತದೆ. ಉಸಿರು ಬಿಗಿಹಿಡಿದು ನಿಂತೆ. ತಿರುಗಿ ನೋಡಿದವಳು ಒಮ್ಮೆಲೇ ನಿಲ್ಲಿಸಿದಳು.

"ಏನ್ ನಿಂತೀ ಹಂಗ?"

"ನೀ ದಿನಾ ಹಾಡ್ತೀಯೇನು?"

"ಯಾರ ಹಾಡ್ತಾರ? ಹೋಗ."

ಮುಖ ಕೆಂಪಾಗಿತ್ತು. ಇದನ್ನು ದೀಪಾಲಿ ಮೇಡಂಗೆ ಕಳಿಸಲಿಲ್ಲ.

ಏಪ್ರಿಲ್ ೨೩

ತಲೆನೋವು. ಸಾಯಲಿ ಮನೆಗೆ ಬಂದಿದ್ದಳು. ಅವಳು ಪುಣೆಗೆ ಹೋಗುತ್ತಾಳೆ, ನರ್ಸಿಂಗಿಗೆ. ಕೂದಲು ಬಿಟ್ಟುಕೋ, ಯಂತ್ರ ಕಾಣುವುದಿಲ್ಲ ಎಂದು ತಾನೇ ನನ್ನ ಜಡೆ ಬಿಚ್ಚಿ ಕಿವಿಯ ಮೇಲೆ ಹರಡಿದಳು. ಈ ಬಿಸಿಲಿನಲ್ಲಿ! ಆಮೇಲೆ ಬಹಳ ಮಾತಾಡಿದಳು. ಅರ್ಧ ತಿಳಿಯಿತು. ಉಳಿದ ಅರ್ಧಕ್ಕೆ ಗೋಣು ಹಾಕಿದೆ. ಹೋಗುವಾಗ ಅವಳು ಯಾಕೆ ಅಷ್ಟು ಖುಷಿಯಾಗಿದ್ದಳೋ. ಯಾವುದಕ್ಕೆ ಒಪ್ಪಿಕೊಂಡೆನೋ ಗೊತ್ತಿಲ್ಲ.

ಮೇ ೬

ನಿನ್ನೆ ಪರೀಕ್ಷೆಯ ನಿಕಾಲು ಬಂತು. ಪಾಸು, ಚೆನ್ನಾಗಿಯೇ. ಭೌತಶಾಸ್ತ್ರದ ಥಿಯರಿಯಲ್ಲಿ ನಮ್ಮ ವರ್ಗಕ್ಕೇ ಹೆಚ್ಚು ನನಗೆ. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ಯಾವ ಕಾಲೇಜು ಎಂದು ಜನ ಕೇಳಿದಾಗ ಮಾತ್ರ, "ನೋಡೂಣ್ರಿ," ಎಂದ.

ಮೇ ೧೨

ಕಾಗಲದಿಂದ ಅಪ್ಪನ ಗಾಡಿಯ ಮೇಲೆ ಮನೆಗೆ ಬಂದೆ. ಹೀಗೆ ಬರೆದರೆ ಏನೂ ಆಗಿಲ್ಲವೇನೋ ಎನ್ನಿಸುತ್ತದೆ.

ಯಂತ್ರದ ಟ್ಯೂನಿಂಗಿಗೆಂದು ಮೊದಲ ಸಲ ಒಬ್ಬಳೇ ಕೊಲ್ಲಾಪುರಕ್ಕೆ ಹೋಗಿದ್ದೆ. ಹೋಗುವುದು ಸರಳ. ಕ್ಲಿನಿಕ್ಕಿನಲ್ಲಿ ದೀಪಾಲಿ ಮೇಡಂ ಅದೇನೋ ತಂತಿ ಹಚ್ಚಿ ಕಂಪ್ಯೂಟರಿನಲ್ಲಿ ಒಂದೊಂದೇ ಸಪ್ಪಳವನ್ನು ಏರಿಸಿ ಇಳಿಸಿದರು. ಮೇಡಂ ತವರುಮನೆ ಗಡಹಿಂಗ್ಲಜದ ಕಡೆ, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ತುಟಿಗಳನ್ನು ಎಷ್ಟು ಸ್ವಚ್ಛ ಆಡಿಸುತ್ತಾರೆಂದರೆ ಅವರ ಮುಂದೆ ನನಗೆ ಕಿವಿಯೇ ಬೇಡ.

ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಲೌಡ್‌ಸ್ಪೀಕರ್ ಏನೋ ಒದರುತ್ತಿತ್ತು. ಸಪ್ಪಳ ಬೇಕಾದಷ್ಟಿದೆ, ಮಾತು ಮಾತ್ರ ಒಂದೂ ಇಲ್ಲ. ಜನ ಒಂದು ಬಸ್ಸಿನ ಕಡೆ ನುಗ್ಗಿದರು. ಬೋರ್ಡು ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರರಿಗೆ "ಇಚಲಕರಂಜಿ?" ಎಂದೆ. ಅವರು ಟಿಕೀಟು ಹರಿಯುತ್ತ, ತಲೆ ತಗ್ಗಿಸಿಕೊಂಡೇ ಉದ್ದನೆಯದೇನೋ ಹೇಳಿದರು. ಕೊನೆಗೆ ತಲೆ ಎತ್ತಿ ನನ್ನ ಮುಖ ನೋಡಿದರು, ಏನೋ ಕೇಳಿದಂತೆ. ಗೋಣು ಹಾಕಿದೆ. ಹಿಂದೆ ಜನ ನೂಕುತ್ತಿದ್ದರು.

ಅವರು ಹೇಳಿದ್ದೇನೆಂದು ಕಾಗಲದಲ್ಲಿ ಎಲ್ಲರೂ ಇಳಿದ ಮೇಲೆ ಗೊತ್ತಾಯಿತು. ಈ ಬಸ್ಸು ಕಾಗಲದವರೆಗೆ ಮಾತ್ರ, ಅಲ್ಲಿಂದ ಬೇರೆ ಬಸ್ಸು, ನಡೆಯುತ್ತದೆಯೇ? ಪಾಪ, ಸರಿಯಾಗಿಯೇ ಹೇಳಿದ್ದರು.

ಹೆದ್ದಾರಿಯ ಪಕ್ಕ ನಿಂತು ಅವ್ವನಿಗೆ ಫೋನು ಹಚ್ಚಿದೆ. ಕಾರಖಾನೆಯ ಟ್ರಕ್ಕುಗಳು ಒಂದರ ಹಿಂದೆ ಒಂದು, ಹಾರ್ನು ನೇರ ತಲೆಯೊಳಗೆ. ಯಂತ್ರ ತೆಗೆದೆ. ಆಗ ಅವ್ವನ ದನಿಯೂ ಹೋಯಿತು. ಮತ್ತೆ ಹಾಕಿದೆ, ಮತ್ತೆ ಟ್ರಕ್ಕು. ಎಲ್ಲಿದ್ದೇನೆ, ಗೋಣು ಹಾಕಿ ಹೇಗೆ ಇಲ್ಲಿಗೆ ಬಂದೆ ಎಂದು ಬರೆದು ಕಳಿಸಿ, ಒಂದು ಚಹಾದ ಅಂಗಡಿಯ ಮುಂದೆ ಕೂತೆ. ಅಂಗಡಿಯಾಕೆ ಏನೋ ಕೇಳಿದಳು, ಗೋಣು ಹಾಕಿದೆ, ಚಹಾ ಬಂತು.

ಅಪ್ಪ ಬಂದವನು ಬಯ್ಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಗಾಡಿ ಸ್ಟ್ಯಾಂಡ್ ಹಾಕಿ, ನನ್ನ ಎದುರು ನಿಂತು, "ಕಂಡಕ್ಟರ ಏನಂದಾ ಗೊತ್ತಿಲ್ದ ಗೋಣ ಹಾಕಿದಿ?" ಎಂದ.

ನಾನು ಗೋಣು ಹಾಕಿದೆ.

"ಆತು. ಕೊಲ್ಲಾಪುರದ ಮಾತು ಇಲ್ಲಿಗೆ ಬಿಡು."

ಮೇ ೧೩

ಯಂತ್ರ ಹಾಕಲಿಲ್ಲ. ಸುಖವಾಗಿತ್ತು. ಅವ್ವ ಹಿಟ್ಟು ನಾದುವಾಗ ಮಾತ್ರ ಎದ್ದು ಹೊರಗೆ ಹೋದೆ.

ಮೇ ೧೭

ಆಯಿಯ ಊರು. ಉಪ್ಪಿನಕಾಯಿ ಹಾಕಲು ಕೈ ಬೇಕೆಂಬ ನೆಪದಿಂದ ಅವ್ವ ನನ್ನನ್ನು ಇಲ್ಲಿಗೆ ಕಳಿಸಿದ್ದಾಳೆ. ಆಯಿಯ ಹೆಸರು ರಾಯವ್ವ. ಊರಲ್ಲಿ ಆಕೆಗೆ ಎದುರು ಮಾತಾಡುವವರಿಲ್ಲ. ಮೊದಲೆರಡು ದಿನ ನನ್ನನ್ನು ಸುಮ್ಮನೆ ನೋಡಿದಳು. ಇವತ್ತು ಮಾವಿನಕಾಯಿ ಹೆಚ್ಚುತ್ತ ಕೂತಿದ್ದೆವು. ಆಯಿ ತಲೆ ತಗ್ಗಿಸಿ ಏನೇನೋ ಹೇಳುತ್ತಿದ್ದಳು, ನಾನು ಹೂಂ ಹೂಂ ಎನ್ನುತ್ತಿದ್ದೆ. ಒಮ್ಮೆಲೇ ಈಳಿಗೆಯನ್ನು ಸರಿಸಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಗು.

"ಏನಾತು?"

"ಏನ ಹೇಳಿದೆ ನಾ?"

ಹೆಚ್ಚಿದ ಹೋಳುಗಳನ್ನು ಒಟ್ಟುಮಾಡತೊಡಗಿದೆ.

"ನಮ್ಮ ಎಮ್ಮಿ ಹಸರ ಶೀರಿ ಉಟ್ಟಗೊಂಡು ಗಡಿಂಗ್ಲಜಕ್ಕ ಸಂತಿಗೆ ಹೋಗೇತಿ ಅಂದೆ. ನೀ ಹೂಂ ಅಂದಿ. ಬರೂವಾಗ ಬಳಿ ಇಡಿಸಿಕೊಂಡು ಬರತೈತಿ ಅಂದೆ. ಅದಕ್ಕೂ ಹೂಂ ಅಂದಿ!"

ನನಗೂ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಆಯಿ ಸೊನೆ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಯಾಕ ಗೋಣ ಹಾಕ್ತಿ ಎಲ್ಲಾದಕ್ಕೂ?"

"ಮತ್ತ ಮತ್ತ ಕೇಳಿದ್ರ ಮಂದಿ ಬ್ಯಾಸರಾಗ್ತಾರ, ಆಯಿ."

"ಯಾರ ಬ್ಯಾಸರಾಗ್ಯಾರ? ಹೆಸರ ಹೇಳು."

ಯೋಚಿಸಿದೆ. ಒಂದು ಹೆಸರೂ ನೆನಪಾಗಲಿಲ್ಲ. ನಾನು ಯಾರನ್ನೂ ಕೇಳಿಯೇ ಇಲ್ಲವಲ್ಲ.

"ಕೇಳಿಸ್ಲಿಲ್ಲಂದ್ರ ಕೇಳಿಸ್ಲಿಲ್ಲ ಅನ್ನು. ಇನ್ನೊಮ್ಮಿ ಹೇಳಿದ್ರ ನನ್ನ ಹಲ್ಲೇನ ಉದರ್ತಾವು? ಇರೂವ ನಾಕ ಹಲ್ಲು, ಗಟ್ಟಿ ಅದಾವು."

ಮೇ ೨೧

ಗಡಹಿಂಗ್ಲಜದ ಪೇಟೆಗೆ ಆಯಿಯ ಜೊತೆ ಹೋಗಿದ್ದೆ, ಉಪ್ಪಿನಕಾಯಿಯ ಮಸಾಲೆಗೆ. ಆಯಿ ಒಂದು ಆಟ ಹೂಡಿದಳು. ತಾನು ಕಟ್ಟೆಯ ಮೇಲೆ ಕೂಡುತ್ತಾಳೆ, ನಾನು ಅಂಗಡಿಗೆ ಹೋಗಬೇಕು, ತಿಳಿದರೂ ತಿಳಿಯದಿದ್ದರೂ ಒಮ್ಮೆ ಮತ್ತೆ ಹೇಳಿಸಬೇಕು.

ಮೊದಲ ಅಂಗಡಿಯ ಮುಂದೆ ಎರಡು ಸಲ ಸುಮ್ಮನೆ ಹಾದುಹೋದೆ. ಆಮೇಲೆ ಬೇರೆಯೇ ಒಂದು ವಿಚಾರ ತಲೆಗೆ ಹೊಕ್ಕಿತು. ಮತ್ತೆ ಹೇಳಿರಿ ಎಂದರೆ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ! ಮೆಣಸಿನಕಾಯಿಯವರು ಅದೇ ಮಾತನ್ನು ದೊಡ್ಡದಾಗಿ ಕೂಗುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ. ಬೆಲ್ಲದ ಅಂಗಡಿಯ ಅಜ್ಜ ಮಾತನ್ನೇ ಬದಲಿಸಿ ಹೇಳಿದರು, ತಕ್ಷಣ ತಿಳಿಯಿತು. ಬಳೆಯಂಗಡಿಯಾಕೆ ಕನ್ನಡ ಬಿಟ್ಟು ಮರಾಠಿಗೆ ಹೊರಳಿದಳು, ನನಗೆ ಬಾರದ್ದು ಭಾಷೆ ಎಂದುಕೊಂಡಳೇನೋ. ಒಬ್ಬಾತ ಸುಮ್ಮನೆ ಕೈ ಹಿಡಿದು ಸಾಮಾನಿನ ಕಡೆ ಬೊಟ್ಟು ಮಾಡಿದ. ಇನ್ನೊಬ್ಬಾತ, "ಏನಿಲ್ಲ ಬಿಡವಾ," ಎಂದ. ಇದು ಎಲ್ಲಕ್ಕಿಂತ ಕೆಟ್ಟದ್ದು. ಕೂಗಿದರೂ ಪರವಾಗಿಲ್ಲ, ಏನಿಲ್ಲ ಬಿಡು ಎನ್ನಬಾರದು.

"ಅಂವಗ ಏನ ಮಾಡಿದಿ?" ಎಂದಳು ಆಯಿ.

"ಏನಿಲ್ಲಾಂದ್ರ ಯಾಕ ಹೇಳಿದ್ರಿ, ಹೇಳ್ರಿ ಅಂದೆ."

"ಹೇಳಿದ್ನ?"

"ಹೇಳಿದಾ. ಜೀರಿಗಿ ಹಳೇದೈತಿ, ಹೊಸಾದು ನಾಳೆ ಬರತೈತಿ ಅಂತ."

ಆಯಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಯಾಕೆಂದು ತಿಳಿಯಲಿಲ್ಲ. ಜೀರಿಗೆ ನಾಳೆ ತರಬೇಕು.

ಮೇ ೨೯

ಸೆಕೆ ಬಹಳ. ಎರಡು ಜಡೆ ಹಾಕಿ ಮೇಲೆ ಕಟ್ಟಿಕೊಂಡುಬಿಟ್ಟಿದ್ದೇನೆ. ಬಾವಿಗೆ ನೀರಿಗೆ ಬರುವ ಹೆಂಗಸರು ಕಿವಿಯ ಹಿಂದೆ ಏನದು ಎಂದು ಕೇಳುತ್ತಾರೆ, ತೆಗೆದು ತೋರಿಸುತ್ತೇನೆ. ಒಬ್ಬಳು ತನ್ನ ಕಿವಿಗೂ ಹಚ್ಚಿಕೊಂಡು ನೋಡಿದಳು.

ಒಂದು ಹಕ್ಕಿ ಬೆಳಗಿನ ಜಾವದಲ್ಲಿ ಮೂರು ಸಲ ಕೂಗಿ ನಿಲ್ಲಿಸುತ್ತದೆ. ಯಾವುದು? ಆಯಿಗೂ ಗೊತ್ತಿಲ್ಲ. ಆಕೆ ಅದನ್ನು ದಿನಾ ಕೇಳುತ್ತಾಳಂತೆ, ಆದರೆ ಯಾವುದೆಂದು ಎಂದೂ ಯೋಚಿಸಿಲ್ಲವಂತೆ. ಕಿವಿ ಇರುವವರು ಹೀಗೆ.

ಜೂನ್ ೪

ಇಚಲಕರಂಜಿ. ಬಂದ ಮೊದಲ ದಿನವೇ ಜಗಳ.

ಸಂಜೆ ಕುಂಥುನಾಥ ಕಾಕಾ ಬಂದಿದ್ದರು. ನಮ್ಮ ಅಪ್ಪನಿಗೆ ನೂಲು ಕೊಟ್ಟು ಬಟ್ಟೆ ನೇಯಿಸಿಕೊಳ್ಳುವ ವ್ಯಾಪಾರಿ ಅವರು. ಶೆಡ್ಡಿನ ಬಾಗಿಲಲ್ಲೇ ಗಾಡಿಯ ಮೇಲೆ ಕೂತು, ಫೋನು ನೋಡುತ್ತ ಮಾತಾಡಿದರು. ನಾನು ಪಡಸಾಲೆಯಲ್ಲಿ ಮೆಂತ್ಯ ಸೋಸುತ್ತಿದ್ದೆ. ಮಗ್ಗಗಳು ಆಗಷ್ಟೇ ನಿಂತಿದ್ದವು, ಹಾಸುನೂಲು ಸುತ್ತಿದ ಉರುಳೆ, ಬೀಮು, ಮುಗಿಯಲು ಬಂದಿತ್ತು.

"ಕಾಡಪ್ಪ, ಈಗಿನ ಬೀಮು ಮುಗದ್ರ ಹೊಸಾದು ಏರಸಬ್ಯಾಡ. ಬಟ್ಟಿ ತಗೊಳ್ಳೂ ಪಾರ್ಟಿ ಪನ್ನಾ ಬದಲ ಮಾಡೇತಿ, ಅಗಲ ಜಾಸ್ತಿ ಬೇಕಂತ. ಬ್ಯಾರೆ ನೂಲ ಕಳಸ್ತೇನಿ."

"ಹೌದ್ರಿ, ಆತ್ರಿ," ಎಂದು ಅಪ್ಪ ಗೋಣು ಹಾಕಿದ. ನಗುತ್ತ, ಗೌರವದಿಂದ, ಸರಿಯಾಗಿ ಮಾತು ಮುಗಿಯುವ ಕ್ಷಣಕ್ಕೆ.

ನನ್ನ ಕೈ ನಿಂತಿತು. ಆ ಗೋಣು ನನಗೆ ಚೆನ್ನಾಗಿ ಗೊತ್ತು.

ಕಾಕಾ ಹೋದ ಮೇಲೆ ಅಪ್ಪ ಒಳಗೆ ಬಂದು, "ಮುಂಜಾನೆ ಲಗೂನ ಎಬ್ಬಸ, ಹೊಸ ಬೀಮು ಏರಸೂದೈತಿ," ಎಂದು ಅವ್ವನಿಗೆ ಹೇಳಿದ.

"ಅಪ್ಪಾ, ಕಾಕಾ ಏರಸಬ್ಯಾಡ ಅಂದ್ರು."

"ಯಾವಾಗ?"

"ಈಗ. ಪನ್ನಾ ಬದಲ ಆಗೇತಂತ."

"ನನ್ನ ಎದುರಿಗೇ ಮಾತಾಡಿದಾರ. ನನಗ ಕೇಳಿಸಿಲ್ಲಂತ, ಅಲ್ಲಿ ಕುಂತ ನಿನಗ ಕೇಳಿಸೇತಿ?"

"ಹೌದು."

ಅವ್ವ ಲಟ್ಟಣಿಗೆ ಹಿಡಿದುಕೊಂಡೇ ನಿಂತಳು. ಅಪ್ಪನ ಮುಖದಲ್ಲಿ ಸಿಟ್ಟು ಬಂದದ್ದನ್ನು ನೋಡಿದೆ, ಸಿಟ್ಟಿನ ಕೆಳಗೆ ಇನ್ನೇನೋ ಇದ್ದದ್ದನ್ನೂ ನೋಡಿದೆ.

"ಮಗ್ಗದಾಗ ಇರಾವ್ರಿಗೆ ಎಲ್ಲಾರಿಗೂ ಇಷ್ಟ ಕೇಳಸ್ತೈತಿ. ಅದೇನ ಜಡ್ಡಲ್ಲ," ಎಂದು ಊಟ ಮಾಡದೆ ಹೊರಗೆ ಹೋದ.

ಅಪ್ಪ ಕೂಗಿ ಮಾತಾಡುವುದು ನಮಗೆ ಕೇಳಿಸಲು ಎಂದು ಇಷ್ಟು ದಿನ ತಿಳಿದಿದ್ದೆ.

ಜೂನ್ ೫

ಮುಂಜಾನೆ ಅಪ್ಪ ಬೀಮಿನ ಹತ್ತಿರ ನಿಂತಿದ್ದ, ಏರಿಸಿರಲಿಲ್ಲ. ನನ್ನನ್ನು ನೋಡಿ ತನ್ನ ಮೊಬೈಲು ಚಾಚಿದ.

"ಕುಂಥುನಾಥ ಅವ್ರಿಗೆ ಹಚ್ಚು. ನೀನ ಕೇಳು."

ಫೋನೆಂದರೆ ನನಗೆ ಕಾಗಲದ ರಸ್ತೆಯೇ ಕಣ್ಣ ಮುಂದೆ ಬರುತ್ತದೆ. ಹಾಗಂತ ಹೇಳಲು ಅದು ಸಮಯವಾಗಿರಲಿಲ್ಲ. ಯಂತ್ರಕ್ಕೆ ಫೋನು ಜೋಡಿಸುವುದನ್ನು ಮೇಡಂ ಕಲಿಸಿದ್ದರು, ಅವ್ವನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾಡಿರಲಿಲ್ಲ. ಕಾಕಾ ಬಹಳ ವೇಗವಾಗಿ ಮಾತಾಡುತ್ತಾರೆ. "ಕಾಕಾ, ನಾ ಋತುಜಾ, ಸಾವಕಾಶ ಹೇಳ್ರಿ," ಎಂದೆ. ಮತ್ತೆ ತಪ್ಪಿತು. "ಇನ್ನೊಮ್ಮಿ, ಪನ್ನಾ ಅಷ್ಟ ಹೇಳ್ರಿ," ಎಂದೆ. ಹೇಳಿದರು. ನಾನು ಕೇಳಿದ್ದನ್ನು ತಿರುಗಿ ಅವರಿಗೆ ಒಪ್ಪಿಸಿದೆ, "ಬರೋಬರ, ಬರೋಬರ," ಎಂದರು.

ಅಪ್ಪ ನನ್ನ ತುಟಿಗಳನ್ನೇ ನೋಡುತ್ತ ನಿಂತಿದ್ದ. ಶೆಡ್ಡಿನಲ್ಲಿ ಮಾತಾಡುವ ಹಾಗೆ, ಸಪ್ಪಳವಿಲ್ಲದೆ ತುಟಿಯಲ್ಲೇ ಹೇಳಿದೆ: ಏರಸಬ್ಯಾಡ, ಹೊಸ ನೂಲ ಬರತೈತಿ.

ಅಪ್ಪ ಬೀಮನ್ನು ಗೋಡೆಗೆ ಸರಿಸಿದ. ಮಧ್ಯಾಹ್ನ ಊಟಕ್ಕೆ ಕೂತಾಗ, ನನ್ನ ಕಡೆ ನೋಡದೆ, "ಆ ಕಾಲೇಜಿನಾವ್ರು ಯಾವಾಗ ಬಾ ಅಂದಾರ?" ಎಂದ. ಯಾವ ಕಾಲೇಜು ಎಂದು ಕೇಳಬೇಕಾಗಲಿಲ್ಲ.

ಜೂನ್ ೧೬

ಪ್ರವೇಶವಾಯಿತು. ಕೊಲ್ಲಾಪುರ, ಬಿ.ಎಸ್ಸಿ. ಮೊದಲ ವರ್ಷ. ಆದರೆ ಬರೆಯಬೇಕಾದದ್ದು ಅದಕ್ಕೂ ಮುಂಚೆ ನಡೆದದ್ದನ್ನು.

ಹೋಗುವ ದಾರಿಯಲ್ಲೇ ಕ್ಲಿನಿಕ್ಕು, ಮೇಡಂ ಬರಹೇಳಿದ್ದಾರೆ ಎಂದೆ. ಅಪ್ಪ ಬಂದ, ನನಗಾಗಿ ಎಂದುಕೊಂಡು. ಮೇಡಂ ನನ್ನ ಯಂತ್ರ ನೋಡಿ, ತಿರುಗಿ ಅಪ್ಪನಿಗೆ, "ಬರ್ರಿ, ನಿಮ್ಮದೂ ಒಮ್ಮಿ ನೋಡಿಬಿಡೂಣು. ಮಗ್ಗದಾವ್ರು ವರ್ಷಕ್ಕೊಮ್ಮಿ ನೋಡಿಸ್ಕೋಬೇಕ," ಎಂದರು. ಅಪ್ಪ ನನ್ನತ್ತ ನೋಡಿದ. ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಿದ್ದೆ.

ಗಾಜಿನ ಕೋಣೆಯೊಳಗೆ ಅಪ್ಪನನ್ನು ಕೂರಿಸಿ ಹೆಡ್‌ಫೋನು ಹಾಕಿದರು. ಸಪ್ಪಳ ಕೇಳಿದಾಗಲೆಲ್ಲ ಬೆರಳೆತ್ತಬೇಕು. ಅಪ್ಪ ಎತ್ತಿದ. ಮತ್ತೆ ಎತ್ತಿದ. ಒಂದೂ ತಪ್ಪಲಿಲ್ಲ! ಸುಮ್ಮನೆ ಅಪ್ಪನನ್ನು ಅನುಮಾನಿಸಿದೆನಲ್ಲ ಎನ್ನಿಸಿತು. ಮೇಡಂ ಮಾತ್ರ ನಗುತ್ತಿದ್ದರು.

"ನಿಮ್ಮಪ್ಪ ಭಾಳ ಶಾಣ್ಯಾ ಅದಾರ. ನಾ ಗುಂಡಿ ಒತ್ತೂದು ನೋಡಿ ಬೆರಳ ಎತ್ತಾಕತ್ತಾರ. ಈಗ ನಾ ಒತ್ತೇ ಇಲ್ಲ, ಒತ್ತಿದಂಗ ಮಾಡಿದೆ ಅಷ್ಟ."

ಒಳಗೆ ಹೋಗಿ ಅಪ್ಪನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಈಗ ನಮಗೆ ಅಪ್ಪನ ಬೆನ್ನು ಮಾತ್ರ. ಮೇಡಂ ಒತ್ತಿದರು. ಬೆರಳು ಏಳಲಿಲ್ಲ. ಸಪ್ಪಳ ಏರಿಸಿ ಒತ್ತಿದರು. ಏಳಲಿಲ್ಲ. ಕಂಪ್ಯೂಟರಿನಲ್ಲಿ ಗೆರೆ ಕೆಳಗೆ ಕೆಳಗೆ ಹೋಗುತ್ತಿತ್ತು. ಅಪ್ಪನ ಕೈ ತೊಡೆಯ ಮೇಲೆ ಕಾಯುತ್ತ ಕೂತಿತ್ತು, ಯಾವಾಗ ಕರೆಯುತ್ತಾರೋ ಎಂದು ಕಾಯುವವರ ಹಾಗೆ. ಅಂಗಿಯ ಹಿಂದೆ ಹತ್ತಿಯ ಎಳೆ ಅಂಟಿತ್ತು. ಇಷ್ಟು ಹೊತ್ತು ಅವನ ಬೆನ್ನನ್ನು ನಾನು ಎಂದೂ ನೋಡಿರಲಿಲ್ಲ.

ಹೊರಗೆ ಬಂದ ಮೇಲೆ ಮೇಡಂ ಪ್ರಿಂಟು ತೆಗೆಯಲು ಬಗ್ಗಿ, ಬಗ್ಗಿಕೊಂಡೇ ಹೇಳತೊಡಗಿದರು. ಯಾವ ಸಪ್ಪಳ ಹೋಗಿದೆ, ಯಾವುದು ಉಳಿದಿದೆ, ಶೆಡ್ಡಿನಲ್ಲಿ ಇನ್ನು ಮೇಲೆ ಕಿವಿಗೆ ಏನು ಹಾಕಿಕೊಳ್ಳಬೇಕು. ಅಪ್ಪ, "ಹೌದ್ರಿ," ಎಂದು ಗೋಣು ಹಾಕಿದ. ಇನ್ನೊಮ್ಮೆ ಹಾಕಿದ. ಅವನ ಬದಲು ನಾನು ಹೇಳಬಾರದು ಎನ್ನಿಸಿತು.

ಮೂರನೆಯ ಸಲ ಗೋಣು ಅರ್ಧಕ್ಕೆ ನಿಂತಿತು.

"ಮೇಡಂ," ಎಂದ ಅಪ್ಪ. ದನಿ ಬಹಳ ದೊಡ್ಡದಾಗಿ ಬಂತು, ಹೊರಗೆ ಕಾಯುತ್ತಿದ್ದವರೂ ತಿರುಗಿದರು. "ಏನೂ ಕೇಳಿಸ್ಲಿಲ್ರಿ. ಇತ್ತಾಗ ನೋಡಿ ಇನ್ನೊಮ್ಮಿ ಹೇಳ್ರಿ."

ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಮೊದಲಿನಿಂದ ಹೇಳಿದರು. ಅಪ್ಪ ನಡುನಡುವೆ ತಡೆದು ತಡೆದು ಕೇಳಿದ. ಎಷ್ಟೆಲ್ಲ ಕೇಳಿದ! ಕಾಲೇಜಿಗೆ ಹೊತ್ತಾಗುತ್ತದೆ ಎಂದು ನಾನೇ ಎಬ್ಬಿಸಬೇಕಾಯಿತು.

ಹಾಸ್ಟೆಲ್ಲಿನ ಮೇಲ್ವಿಚಾರಕಿಗೆ ಅಪ್ಪ ಮರಾಠಿಯಲ್ಲಿ ಹೇಳಿದ, ನಮ್ಮ ಹುಡುಗಿಯನ್ನು ಹಿಂದಿನಿಂದ ಕರೆಯಬೇಡಿರಿ, ಮುಂದೆ ಬಂದು ಮಾತಾಡಿರಿ, ಅವಳಿಗೆ ಎಲ್ಲ ತಿಳಿಯುತ್ತದೆ. ತನ್ನ ಕಿವಿಯತ್ತ ಬೆರಳು ಮಾಡಿ, "ಮಲಾ ಪಣ," ಎಂದ. ನನಗೂ, ಎಂದು.

ಜುಲೈ ೩

ಹಾಸ್ಟೆಲ್. ಹೊರಗೆ ಮಳೆ. ತಗಡಿನ ಪತ್ರಾಸಿನ ಮೇಲೆ ಮಳೆ ಬಿದ್ದಾಗ ಯಂತ್ರದಲ್ಲಿ ಬೇರೇನೂ ಕೇಳುವುದಿಲ್ಲ, ತೆಗೆದಿಟ್ಟು ಬರೆಯುತ್ತಿದ್ದೇನೆ. ಅಪ್ಪನ ಯಂತ್ರ ಮುಂದಿನ ವಾರ ಬರುತ್ತದಂತೆ. ಅವ್ವನ ಮೆಸೇಜು ಬಂದಿದೆ, ಈಗಲೇ ಹಾಡು ನಿಲ್ಲಿಸಿಬಿಟ್ಟಿದ್ದಾಳಂತೆ, ಅಪ್ಪನಿಗೂ ಕೇಳಿಸಿದರೆ ನಾಚಿಕೆಯಾಗುತ್ತದಂತೆ. ನಿಲ್ಲಿಸಬೇಡ ಎಂದು ಬರೆದೆ.

ಇವತ್ತು ಭೌತಶಾಸ್ತ್ರದ ಮೊದಲ ಲೆಕ್ಚರು. ದೊಡ್ಡ ಹಾಲು, ಮೆಟ್ಟಿಲು ಮೆಟ್ಟಿಲಾಗಿ ಬೆಂಚು. ಎರಡನೆಯ ಸಾಲಿನಲ್ಲಿ ಕೂತೆ. ಸರ್ ಎತ್ತರದವರು, ಮೀಸೆ ದಪ್ಪ, ತುಟಿಯ ಅರ್ಧವನ್ನು ಅದೇ ನುಂಗುತ್ತದೆ. ಮರಾಠಿ ಅರ್ಧ, ಇಂಗ್ಲಿಷ್ ಅರ್ಧ. ಕಷ್ಟವಾಗಲಿದೆ ಎಂದುಕೊಳ್ಳುವಷ್ಟರಲ್ಲಿ ಅವರು ಒಂದು ಮಾತು ಹೇಳಿದರು: ಕೊಲ್ಲಾಪುರದಲ್ಲಿ ನಿಂತರೆ ನಿಮಗಿರುವ ತೂಕ ಉತ್ತರ ಧ್ರುವದಲ್ಲಿ ನಿಂತರೆ ಇರುವುದಿಲ್ಲ, ಅಲ್ಲಿ ಸ್ವಲ್ಪ ಹೆಚ್ಚಾಗುತ್ತದೆ. ಅದೇ ಮನುಷ್ಯರು, ಅದೇ ಮೈ, ತೂಕ ಬೇರೆ! ಯಾಕೆಂದರೆ, ಎಂದವರೇ ಬೋರ್ಡಿನ ಕಡೆ ತಿರುಗಿಬಿಟ್ಟರು.

ಯಾಕೆಂದರೆ ಎಂಬುದರ ಮುಂದಿನದೆಲ್ಲ ಬೋರ್ಡಿಗೆ ಹೋಯಿತು. ಮುಂದಿನವರೆಲ್ಲ ಬರೆದುಕೊಳ್ಳುತ್ತಿದ್ದರು. ಧ್ರುವದಲ್ಲಿ ಏನಿದೆ? ಚಳಿಗೂ ತೂಕಕ್ಕೂ ಸಂಬಂಧವೇ? ತಿಳಿಯದೆ ಕೂಡಲು ಆಗಲಿಲ್ಲ. ಯಾವಾಗ ಎದ್ದು ನಿಂತೆನೋ.

"ಸರ್, ನನಗೆ ಕಿವಿ ಕಡಿಮೆ. ಯಾಕೆಂದರೆ ಎಂದ ಮೇಲಿನದು ಕೇಳಿಸಲಿಲ್ಲ. ಈ ಕಡೆ ತಿರುಗಿ ಇನ್ನೊಮ್ಮೆ ಹೇಳುತ್ತೀರಾ?"

ಸರ್ ಸೀಮೆಸುಣ್ಣವನ್ನು ಕೆಳಗಿಟ್ಟರು. ಮುಂದೆ ಬಂದು, ಮೇಜಿನ ಅಂಚಿಗೆ ಕೂತು ಹೇಳಿದರು: ಭೂಮಿ ತಿರುಗುತ್ತದೆ, ತಿರುಗುವಾಗ ನಮ್ಮನ್ನು ಒಂದಿಷ್ಟು ಹೊರಗೆ ಎಸೆಯಲು ನೋಡುತ್ತದೆ, ಧ್ರುವದಲ್ಲಿ ಆ ಎಸೆತವಿಲ್ಲ. ಮೇಲಾಗಿ ಭೂಮಿ ಧ್ರುವದಲ್ಲಿ ಒಂದಿಷ್ಟು ಚಪ್ಪಟೆ, ಅಲ್ಲಿ ನಿಂತವರು ಭೂಮಿಯ ಕೇಂದ್ರಕ್ಕೆ ಹತ್ತಿರ, ಸೆಳೆತ ಹೆಚ್ಚು. ಎಷ್ಟು ಸರಳ! ಹಾಗಾದರೆ ಆಯಿಯ ಊರಿನಲ್ಲಿ ಮತ್ತು ಇಲ್ಲಿ? ಅಲ್ಲಿಯೂ ಕೂದಲೆಳೆಯಷ್ಟು ಬೇರೆ ಇರಬೇಕಲ್ಲ? ಅದನ್ನು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಹೊರಗೆ ಬರುವಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ ತನ್ನ ಹೆಸರು ಹೇಳಿದಳು. ಗದ್ದಲದಲ್ಲಿ ತಪ್ಪಿತು. ಮತ್ತೆ ಹೇಳಿಸಿದೆ. ಮತ್ತೆ ತಪ್ಪಿತು. ಆಗ ಅವಳು ಮೆಟ್ಟಿಲ ಮೇಲೆ ನನ್ನ ಮುಂದೆ ಬಂದು, ಎಲ್ಲರ ದಾರಿ ಕಟ್ಟಿಕೊಂಡು ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಪ್ರಿಯದರ್ಶನಿ. ಇಷ್ಟುದ್ದದ ಹೆಸರು! ಮನೆಯಲ್ಲಿ ಏನೆಂದು ಕರೆಯುತ್ತಾರೋ, ನಾಳೆ ಕೇಳಬೇಕು.